ದಾಳ ಬರೆದ ಜಾತಕ

ಮೇಜಿನ ಮೇಲೆ ಒಂದು ಹಾಳೆ, ಒಂದು ಪೆನ್ಸಿಲು, ಮೂರು ದಾಳ. ಸುತ್ತಲೂ ನಾಲ್ಕೈದು ಮಂದಿ ಗೆಳೆಯರು. ಹಾಳೆಯ ತಲೆಯಲ್ಲಿ ಹೆಸರಿನ ಜಾಗ ಇನ್ನೂ ಬರಿದಾಗಿದೆ. ಅದರ ಕೆಳಗೆ ಆರು ಗುಣಗಳು ಸಾಲಾಗಿ ನಿಂತಿವೆ: ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು. ಹದಿಹರೆಯದ ಬಾಲಕಿಯೊಬ್ಬಳು ದಾಳಗಳನ್ನು ಅಂಗೈಯಲ್ಲಿ ಕುಲುಕಿ ಬಿಡುತ್ತಾಳೆ. ನಾಲ್ಕು, ಮೂರು, ಎರಡು, ಒಟ್ಟು ಒಂಬತ್ತು. ಬಲದ ಎದುರಿಗೆ ಒಂಬತ್ತನ್ನು ಬರೆಯುತ್ತಾಳೆ. ಮತ್ತೆ ಬಿಡುತ್ತಾಳೆ. ಬುದ್ಧಿ ಹದಿಮೂರು, ಮುಖ ಅರಳುತ್ತದೆ. ವಿವೇಕ ಹನ್ನೊಂದು. ದೇಹದಾರ್ಢ್ಯ ಎಂಟು. ಚುರುಕು ಹದಿನಾಲ್ಕು. ಕಡೆಯ ಸಲ ದಾಳಗಳು ಮೂರು, ಎರಡು, ಒಂದು ಎಂದು ಬೀಳುತ್ತವೆ. ವರ್ಚಸ್ಸು ಆರು! ಮೇಜಿನ ಸುತ್ತ ನಗೆ ಏಳುತ್ತದೆ. ಬಾಲಕಿ ನಗುವುದಿಲ್ಲ. ಆರು ಎಂಬ ಆ ಅಂಕಿಯನ್ನೇ ದಿಟ್ಟಿಸುತ್ತ ಕುಳಿತಿದ್ದಾಳೆ. ಜನರ ಕಣ್ಣಿಗೆ ಒಗ್ಗದ ಈ ಬುದ್ಧಿವಂತೆ ಯಾರಿರಬಹುದು?

ಆ ಪ್ರಶ್ನೆ ಮನಸ್ಸಿನಲ್ಲಿ ಎದ್ದ ಕ್ಷಣದಲ್ಲಿಯೇ ಪಾತ್ರವೊಂದು ಹುಟ್ಟಿತೆನ್ನಬೇಕು.

‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದು ಈ ಆಟದ ಹೆಸರು. ನೆಲಮಾಳಿಗೆಗಳು ಮತ್ತು ಘಟಸರ್ಪಗಳು ಎಂದು ಕನ್ನಡಿಸಿದರೆ ಅರ್ಥ ತಿಳಿಯುವುದೇ ಹೊರತು ಆಟದ ಸ್ವಾರಸ್ಯ ತಿಳಿಯದು. ಇದರಲ್ಲಿ ಚದುರಂಗದ ಹಾಗೆ ಮಣೆಯೇ ಆಟವಲ್ಲ. ಇಸ್ಪೀಟಿನ ಹಾಗೆ ಗೆಲ್ಲುವವರು ಸೋಲುವವರು ಎಂಬ ವಿಂಗಡಣೆಯೂ ಇಲ್ಲ. ಒಬ್ಬರು ಆಟದ ಯಜಮಾನರಾಗಿ ಕಥೆಯ ಲೋಕವನ್ನು ಬಣ್ಣಿಸುತ್ತಾರೆ: ಮುಂದೆ ಒಂದು ಪಾಳುಕೋಟೆ, ಬಾಗಿಲು ಅರ್ಧ ತೆರೆದಿದೆ, ಒಳಗೆ ಯಾರೋ ಅಳುತ್ತಿರುವ ಸದ್ದು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಧರಿಸಿ, ತಮ್ಮ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂಬುದನ್ನು ಮಾತಿನಲ್ಲಿಯೇ ತಿಳಿಸುತ್ತ ಹೋಗುತ್ತಾರೆ. ಕಾರ್ಯ ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಾಗ ದಾಳ ತೀರ್ಪು ಕೊಡುತ್ತದೆ. ಒಂದು ಸಂಜೆಗೆ ಕಥೆ ಮುಗಿಯಬೇಕೆಂದಿಲ್ಲ. ವಾರಕ್ಕೊಮ್ಮೆ ಕೂಡುತ್ತ ವರ್ಷಗಟ್ಟಲೆ ಒಂದೇ ಕಥೆಯನ್ನು ನಡೆಸಿಕೊಂಡು ಬಂದ ಮಿತ್ರಮಂಡಳಿಗಳೂ ಉಂಟು.

ವೇಷವಿಲ್ಲದೆ, ರಂಗವಿಲ್ಲದೆ, ಕುಳಿತಲ್ಲಿಯೇ ಪಾತ್ರವಾಗಿ ಆಶುವಾಗಿ ಮಾತನಾಡುವುದೆಂದರೆ ತಾಳಮದ್ದಳೆಯನ್ನು ಕೇಳಿ ಬಲ್ಲವರಿಗೆ ಹೊಸತೆನಿಸಲಾರದು. ಆದರೆ ಒಂದು ವ್ಯತ್ಯಾಸವಿದೆ. ಕರ್ಣನ ಅರ್ಥ ಹೇಳುವವರಿಗೆ ಕರ್ಣನ ಕೊನೆ ಏನೆಂಬುದು ಮೊದಲೇ ಗೊತ್ತು. ಇಲ್ಲಿಯೋ, ಪಾತ್ರಧಾರಿಗೂ ಗೊತ್ತಿಲ್ಲ, ಯಜಮಾನನಿಗೂ ಗೊತ್ತಿಲ್ಲ.

ಸೋತಿತೆಂದುಕೊಂಡ ಆಟ

ಈ ವಿನೋದ ಹುಟ್ಟಿದ್ದು ಯುದ್ಧದ ಆಟಗಳಿಂದ. ನಕಾಶೆಯ ಮೇಲೆ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ನೆಪೋಲಿಯನ್ನನ ಕಾಲದ ಕದನಗಳನ್ನು ಮತ್ತೆ ಆಡಿ ನೋಡುವ ಹವ್ಯಾಸ ಅಮೆರಿಕದಲ್ಲಿ ಬಹಳ ಜನರಿಗಿತ್ತು. ಒಬ್ಬ ಆಟಗಾರನೆಂದರೆ ಒಂದು ಸೇನೆ; ಸಿಪಾಯಿಗಳಿಗೆ ಹೆಸರಿಲ್ಲ. 1969ರಲ್ಲಿ ಮಿನೆಸೋಟಾ ಸಂಸ್ಥಾನದ ಅವಳಿ ನಗರಗಳಲ್ಲಿ ಡೇವಿಡ್ ವೆಸ್ಲಿ ಎಂಬ ತರುಣ ಇದನ್ನು ಸ್ವಲ್ಪ ಬದಲಿಸಿ ನೋಡಿದ. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣ. ಅದರ ಆಚೆ ಈಚೆ ಎರಡು ಸೇನೆಗಳು. ಯುದ್ಧಕ್ಕೆ ಮುನ್ನ ಪಟ್ಟಣದೊಳಗೆ ಏನೇನು ನಡೆದೀತೆಂದು ತೋರಿಸುವುದಕ್ಕಾಗಿ ಆಟಗಾರರಿಗೆ ಒಬ್ಬೊಬ್ಬ ಮನುಷ್ಯನ ಪಾತ್ರವನ್ನು ಹಂಚಿದ: ಒಬ್ಬ ನಗರಾಧ್ಯಕ್ಷ, ಮತ್ತೊಬ್ಬ ವಿಶ್ವವಿದ್ಯಾನಿಲಯದವನು, ಹೀಗೆ.

ಎಲ್ಲವೂ ಅಸ್ತವ್ಯಸ್ತವಾಯಿತು. ಆಟಗಾರರು ನಕಾಶೆಯನ್ನು ಬಿಟ್ಟು ಮೂಲೆಮೂಲೆಗಳಲ್ಲಿ ಗುಸುಗುಸು ಮಾತನಾಡತೊಡಗಿದರು, ಒಳಸಂಚು ಹೂಡಿದರು. ಇಬ್ಬರು ಬಂದು ತಾವು ದ್ವಂದ್ವಯುದ್ಧಕ್ಕೆ ಸವಾಲು ಹಾಕಿಕೊಂಡಿರುವುದಾಗಿ ಹೇಳಿದಾಗ ಅದಕ್ಕೆ ನಿಯಮವೇ ಇಲ್ಲದೆ ವೆಸ್ಲಿ ಅಲ್ಲಿಯೇ ಒಂದನ್ನು ಕಲ್ಪಿಸಬೇಕಾಯಿತು. ಸೇನೆಗಳು ಪಟ್ಟಣ ತಲುಪಲೇ ಇಲ್ಲ. ಪ್ರಯೋಗ ಕೆಟ್ಟಿತೆಂದು ವೆಸ್ಲಿ ನೊಂದುಕೊಂಡ. ಆಟಗಾರರಾದರೋ, ಮುಂದಿನದು ಎಂದು ಎಂದು ದುಂಬಾಲು ಬಿದ್ದರು. ಸೇನಾಪತಿಯಾಗಿ ಸಾವಿರ ಜನರನ್ನು ನಡೆಸುವುದಕ್ಕಿಂತ ಹೆಸರುಳ್ಳ ಒಬ್ಬನೇ ಒಬ್ಬ ಮನುಷ್ಯನಾಗಿರುವುದರಲ್ಲಿ ಹೆಚ್ಚಿನ ರುಚಿ ಇದೆಯೆಂಬುದು ಅವರಿಗೆ ಅಂದು ಗೊತ್ತಾಗಿತ್ತು.

ಅವರಲ್ಲಿ ಡೇವ್ ಆರ್ನೆಸನ್ ಎಂಬಾತನೂ ಒಬ್ಬ. ಆತ ‘ಬ್ಲ್ಯಾಕ್‌ಮೂರ್’ ಎಂಬ ತನ್ನದೇ ಒಂದು ಮಾಯಾಲೋಕವನ್ನು ಕಟ್ಟಿ, ಅದರಲ್ಲಿ ಒಂದು ಸಂಜೆಯ ಪಾತ್ರ ಮರುವಾರವೂ ಬದುಕಿರುವಂತೆ, ಅನುಭವದಿಂದ ಬೆಳೆಯುವಂತೆ ಮಾಡಿದ. 1972ರ ಕೊನೆಯ ಹೊತ್ತಿಗೆ ಅದನ್ನು ತೋರಿಸಲು ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ ಹೋದ. ಸ್ವಿಟ್ಜರ್ಲೆಂಡಿನ ಜಿನೀವಾ ಬೇರೆ, ಇದು ಬೇರೆ. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬ ಐದು ಮಕ್ಕಳ ತಂದೆ ಇದ್ದ. 1970ರಲ್ಲಿ ವಿಮಾ ಕಂಪನಿಯ ಕೆಲಸ ತಪ್ಪಿದ ಮೇಲೆ ಪಾದರಕ್ಷೆಗಳ ದುರಸ್ತಿಯಿಂದ ಸಂಸಾರ ತೂಗಿಸುತ್ತಿದ್ದ. ಉಳಿದ ವೇಳೆಯಲ್ಲಿ ಯುದ್ಧದ ಆಟಗಳಿಗೆ ನಿಯಮ ಬರೆಯುತ್ತಿದ್ದ. ಆರ್ನೆಸನ್ನನ ಕಲ್ಪನೆಗೆ ಗೈಗ್ಯಾಕ್ಸ್ ನಿಯಮದ ಮೈ ಕೊಟ್ಟ. 1974ರಲ್ಲಿ ಮೂರು ಚಿಕ್ಕ ಪುಸ್ತಕಗಳು ಒಂದು ಪೆಟ್ಟಿಗೆಯಲ್ಲಿ ಸೇರಿ ಹತ್ತು ಡಾಲರಿಗೆ ಮಾರಾಟಕ್ಕೆ ಬಂದವು. ಮೊದಲ ಮುದ್ರಣ ಒಂದೇ ಸಾವಿರ ಪ್ರತಿ. ಪೆಟ್ಟಿಗೆಗಳನ್ನು ಮನೆಯವರೂ ಮಿತ್ರರೂ ಕೈಯಿಂದಲೇ ಜೋಡಿಸಿದರು. ಸಾವಿರ ಪ್ರತಿಗಳೂ ವರ್ಷ ತುಂಬುವುದರೊಳಗೆ ಖರ್ಚಾದವು. ಇಬ್ಬರು ಮಿತ್ರರ ನಡುವೆ ಮುಂದೆ ವ್ಯಾಜ್ಯವಾದದ್ದು, ಕಂಪನಿ ಕೈಬದಲಾದದ್ದು ಬೇರೆಯೇ ಒಂದು ಕಥೆ.

ಅದೃಷ್ಟದ ಪಾಲು

1974ರ ಪುಸ್ತಕದಲ್ಲಿ ಪಾತ್ರವನ್ನು ಮಾಡುವ ವಿಧಾನಕ್ಕೆ ಮೀಸಲಾದ ಜಾಗ ಕೆಲವೇ ಪುಟ. ಆರು ಮುಖದ ದಾಳಗಳು ಮೂರು, ಗುಣಗಳು ಆರು, ಬಂದದ್ದನ್ನು ಬಂದ ಕ್ರಮದಲ್ಲಿಯೇ ಬರೆದುಕೊಳ್ಳಬೇಕು. ಪುಸ್ತಕದ ಪ್ರಕಾರ ದಾಳ ಬಿಡುವ ಕೆಲಸ ಕೂಡ ಯಜಮಾನನದೇ. ಆಟಗಾರ ತನ್ನ ಪಾತ್ರದ ಹಣೆಬರಹವನ್ನು ಬಾಯಿಮುಚ್ಚಿಕೊಂಡು ನೋಡಬೇಕು. ಆ ಮೇಲೆ ಅಂಕಿಗಳಿಗೆ ಒಪ್ಪುವ ವೃತ್ತಿಯನ್ನು ಆರಿಸಿಕೊಳ್ಳುವುದು. ಆಗ ಇದ್ದ ವೃತ್ತಿಗಳೂ ಮೂರೇ: ಯೋಧ, ಮಾಂತ್ರಿಕ, ಪುರೋಹಿತ. ಕಳ್ಳನೆಂಬ ನಾಲ್ಕನೆಯವನು ಮರುವರ್ಷ ಬಂದ. ಹುಟ್ಟುವಾಗಿನ ಗ್ರಹಗತಿಯನ್ನು ನೋಡಿ ಹುಡುಗ ಏನಾದಾನೆಂದು ಊಹಿಸುವ ಜೋಯಿಸರ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ. ಪಾತ್ರದ ಹಾಳೆಯನ್ನು ಜಾತಕವೆಂದು ಕರೆದರೆ ತಪ್ಪಾಗಲಾರದು.

ಆದರೆ ಈ ಜಾತಕದ ಹಿಂದಿರುವ ಗಣಿತ ಕಟ್ಟುನಿಟ್ಟಾದದ್ದು. ಮೂರು ದಾಳಗಳು ಬೀಳಬಹುದಾದ ರೀತಿಗಳು ಒಟ್ಟು 216. ಅವುಗಳಲ್ಲಿ ಹದಿನೆಂಟು ಬರುವ ರೀತಿ ಒಂದೇ ಒಂದು; ಮೂರು ಬರುವ ರೀತಿಯೂ ಒಂದೇ. ಹತ್ತು ಅಥವಾ ಹನ್ನೊಂದು ಬರುವ ರೀತಿಗಳಾದರೋ 54, ಅಂದರೆ ನಾಲ್ಕರಲ್ಲೊಂದು ಪಾಲು. ಆರು ಗುಣಗಳ ಪೈಕಿ ಯಾವುದೋ ಒಂದರಲ್ಲಾದರೂ ಹದಿನೆಂಟನ್ನು ಪಡೆದು ಹುಟ್ಟುವವನು ಸುಮಾರು 36 ಜನರಲ್ಲಿ ಒಬ್ಬ. ಉಳಿದವರೆಲ್ಲ ಸಾಮಾನ್ಯರು. ಲೋಕದಲ್ಲಿ ಇರುವಂತೆಯೇ ಆಟದಲ್ಲಿಯೂ ಮಧ್ಯಮರೇ ಬಹಳ.

ಈ ಸಾಮಾನ್ಯರಿಗೆ ಆಯುಸ್ಸೂ ಕಡಿಮೆಯಿತ್ತು. ಹೊಸ ಮಾಂತ್ರಿಕನ ಜೀವಾಂಕವನ್ನು ಒಂದೇ ದಾಳ ನಿಶ್ಚಯಿಸುತ್ತಿತ್ತು. ದಾಳ ಎರಡನ್ನು ತೋರಿಸಿತೆಂದರೆ ಕತ್ತಿಯ ಒಂದು ಏಟಿಗೆ ಅವನ ಕಥೆ ಮುಗಿಯಿತು. ದಿನಕ್ಕೆ ಒಂದೇ ಮಂತ್ರವನ್ನು ಪ್ರಯೋಗಿಸಬಲ್ಲ ಆ ಬಡಪಾಯಿ ಮಿಕ್ಕ ಹೊತ್ತಿನಲ್ಲಿ ಯೋಧರ ಬೆನ್ನ ಹಿಂದೆ ಅಡಗಿರಬೇಕು. ಹೀಗಾಗಿ ಮೊದಲ ಆಟಗಾರರು ಪಾತ್ರಕ್ಕೆ ಪೂರ್ವಕಥೆ ಬರೆಯುವ ಗೋಜಿಗೆ ಹೋಗುತ್ತಿದ್ದದ್ದು ವಿರಳ. ನಾಳೆ ಸಾಯುವವನಿಗೆ ವಂಶಾವಳಿ ಏಕೆ? ಹೆಸರನ್ನು ಕೂಡ ಕೈಗೆ ಸಿಕ್ಕಿದಂತೆ ಇಡುತ್ತಿದ್ದರು. ಗೈಗ್ಯಾಕ್ಸನ ಮಗ ಅರ್ನೆಸ್ಟ್ ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿ ‘ಟೆನ್ಸರ್’ ಎಂಬ ಮಾಂತ್ರಿಕನನ್ನು ಮಾಡಿದ. ಜಿಮ್ ವಾರ್ಡ್ ಎಂಬ ಆಟಗಾರ ತನ್ನ ಹೆಸರನ್ನು ಹಿಂದುಮುಂದಾಗಿ ಓದಿ ‘ಡ್ರಾಮಿಜ್’ ಆದ. ಗೈಗ್ಯಾಕ್ಸನ ಮತ್ತೊಬ್ಬ ಮಗ ಲ್ಯೂಕ್ ಇನ್ನೂ ಚಿಕ್ಕವನು. ಅವನ ಪಾತ್ರ ಎಲ್ಫ್ ಎಂಬ ಕಾಡಿನ ಕುಲಕ್ಕೆ ಸೇರಿದ ಗಂಡು. ಹಾಳೆಯಲ್ಲಿ ಗಂಡು ಎಂಬುದಕ್ಕೆ ‘ಎಂ’ ಎಂಬ ಒಂದಕ್ಷರ, ಅದರ ಪಕ್ಕದಲ್ಲಿ ‘ಎಲ್ಫ್’ ಎಂಬ ಕುಲದ ಹೆಸರು. ಎರಡನ್ನೂ ಸೇರಿಸಿ ಓದಿದಾಗ ‘ಮೆಲ್ಫ್’ ಎಂದಾಯಿತು. ಅದೇ ಹೆಸರಾಗಿ ನಿಂತಿತು! ವಿಚಿತ್ರವೆಂದರೆ ಅಷ್ಟು ಉದಾಸೀನದಿಂದ ಇಟ್ಟ ಈ ಹೆಸರುಗಳೇ ಉಳಿದುಕೊಂಡವು. ಟೆನ್ಸರ್, ಡ್ರಾಮಿಜ್, ಮೆಲ್ಫ್ ಮೂವರ ಹೆಸರಿನ ಮಂತ್ರಗಳೂ ಆಟದ ಪುಸ್ತಕಕ್ಕೆ ಸೇರಿ, ದೇಶ ದೇಶಗಳ ಮಕ್ಕಳ ಬಾಯಲ್ಲಿ ಓಡಾಡಿದವು.

ಕೈಯಲ್ಲಿ ಬಂದದ್ದನ್ನೇ ಒಪ್ಪಿಕೊಳ್ಳುವ ಈ ವೈರಾಗ್ಯ ಬಹುಕಾಲ ನಡೆಯಲಿಲ್ಲ. ಧರ್ಮಯೋಧನಾಗಬೇಕಾದರೆ ವರ್ಚಸ್ಸು ಹದಿನೇಳಕ್ಕೆ ಕಡಿಮೆಯಿರಬಾರದೆಂದು ಒಂದು ನಿಯಮವಿತ್ತು. 54 ಸಲಕ್ಕೆ ಒಮ್ಮೆ ಬರಬಹುದಾದ ಅಂಕಿ ಅದು. ಆದರೂ ಮನೆಯಲ್ಲಿ ಏಕಾಂತದಲ್ಲಿ ದಾಳ ಬಿಟ್ಟು ಬಂದವರಲ್ಲಿ ಧರ್ಮಯೋಧರ ಸಂಖ್ಯೆ ಹೆಚ್ಚಾಗಿಯೇ ಇರುವುದನ್ನು ಕಂಡು ಯಜಮಾನರು ಮುಗುಳ್ನಗುತ್ತಿದ್ದರು. ಗೈಗ್ಯಾಕ್ಸನೇ 1979ರ ತನ್ನ ಗ್ರಂಥದಲ್ಲಿ ಬಿಗಿಯನ್ನು ಸಡಿಲಿಸಿದ. ನಾಲ್ಕು ದಾಳಗಳನ್ನು ಬಿಟ್ಟು, ಕಡಿಮೆ ಬಿದ್ದ ಒಂದನ್ನು ತೆಗೆದುಹಾಕಿ, ಉಳಿದ ಮೂರರ ಮೊತ್ತವನ್ನು ಬೇಕಾದ ಗುಣಕ್ಕೆ ಹಚ್ಚಿಕೊಳ್ಳಬಹುದು ಎಂದ. ಹದಿನೆಂಟು ಬರುವ ಸಂಭವ 216ರಲ್ಲಿ ಒಂದಿದ್ದದ್ದು ಸುಮಾರು 62ರಲ್ಲಿ ಒಂದಾಯಿತು. 2014ರ ಪರಿಷ್ಕರಣವಂತೂ ದಾಳವನ್ನೇ ಬೇಡವೆನ್ನಲು ಅವಕಾಶ ಕೊಟ್ಟಿತು. 15, 14, 13, 12, 10, 8 ಎಂಬ ಸಿದ್ಧ ಅಂಕಿಗಳನ್ನು ಇಷ್ಟಬಂದಂತೆ ಹಂಚಿಕೊಳ್ಳಬಹುದು. ಇಲ್ಲವೇ 27 ಅಂಶಗಳನ್ನು ಹಣದಂತೆ ಖರ್ಚುಮಾಡಿ ಗುಣಗಳನ್ನು ಕೊಂಡುಕೊಳ್ಳಬಹುದು. ವಿಧಿ ಬರೆಯುತ್ತಿದ್ದ ಜಾತಕ ಅಂಗಡಿಯ ಚೀಟಿಯಾಯಿತು.

ನ್ಯಾಯವೆಂದರೆ ಇದೇ ನ್ಯಾಯ. ಒಬ್ಬನಿಗೆ ಮೂರು ಹದಿನೇಳು, ಪಕ್ಕದವನಿಗೆ ಮೂರು ಏಳು ಬಂದರೆ ಎರಡು ವರ್ಷ ಒಂದೇ ಮೇಜಿನಲ್ಲಿ ಕುಳಿತು ಆಡುವುದು ಕಷ್ಟ. ಆದರೂ ಕೊಂಡುಕೊಂಡ ಪಾತ್ರಗಳು ಒಂದರ ಹಾಗೆ ಇನ್ನೊಂದು ಇರುತ್ತವೆಂಬ ಹಳಬರ ದೂರನ್ನು ತಳ್ಳಿಹಾಕುವಂತಿಲ್ಲ. ಅಂಗಡಿಯಲ್ಲಿ ವರ್ಚಸ್ಸು ಆರನ್ನು ಯಾರು ಕೊಂಡಾರು?

ಇತರ ಆಟಗಳು ಇದೇ ತೊಡಕನ್ನು ಬೇರೆ ಬೇರೆ ಬಗೆಯಲ್ಲಿ ಬಿಡಿಸಿದವು. 1986ರ ‘ಗರ್ಪ್ಸ್’ ಎಂಬ ಆಟ ಕುಂದುಗಳಿಗೇ ಬೆಲೆ ಕಟ್ಟಿತು. ಮುಂಗೋಪ, ಬಡತನ, ಕತ್ತಲೆಯ ಭಯ ಇವುಗಳಲ್ಲಿ ಯಾವುದನ್ನಾದರೂ ತಲೆಗೆ ಕಟ್ಟಿಕೊಂಡರೆ ಅದಕ್ಕೆ ಪ್ರತಿಯಾಗಿ ಶಕ್ತಿಯನ್ನು ಕೊಳ್ಳಲು ಅಂಶಗಳು ದೊರೆಯುತ್ತವೆ. ಎಲ್ಲಕ್ಕಿಂತ ಕೌತುಕದ್ದು 1977ರಲ್ಲಿ ಬಂದ ‘ಟ್ರಾವೆಲರ್’ ಎಂಬ ಅಂತರಿಕ್ಷದ ಆಟ. ಅದರಲ್ಲಿ ಪಾತ್ರ ಹದಿನೆಂಟನೆಯ ವರ್ಷದಲ್ಲಿ ನೌಕಾಪಡೆಗೋ ಭೂಸೇನೆಗೋ ವ್ಯಾಪಾರಿ ಹಡಗಿಗೋ ಸೇರುತ್ತದೆ. ನಾಲ್ಕು ನಾಲ್ಕು ವರ್ಷಗಳ ಒಂದೊಂದು ಅವಧಿ ಕಳೆದಂತೆ ಹೊಸ ವಿದ್ಯೆಗಳು ಕೈಗೂಡುತ್ತವೆ. ಜೊತೆಗೆ ಮುಪ್ಪೂ ಹತ್ತಿರವಾಗುತ್ತದೆ. ಒಂದೊಂದು ಅವಧಿಯಲ್ಲಿಯೂ ಬದುಕಿ ಉಳಿದನೇ ಎಂದು ದಾಳ ಬಿಡಬೇಕು. ದಾಳ ಒಲ್ಲೆನೆಂದರೆ ಪಾತ್ರ ಸತ್ತಿತು. ಆಟ ಇನ್ನೂ ಆರಂಭವೇ ಆಗಿಲ್ಲ! ಇನ್ನೊಂದು ಅವಧಿ ಸೇವೆ ಮಾಡಿ ಮತ್ತಷ್ಟು ಕಲಿಯಲೋ, ಇದ್ದಷ್ಟರಲ್ಲಿ ತೃಪ್ತಿಪಟ್ಟು ಜೀವ ಉಳಿಸಿಕೊಳ್ಳಲೋ ಎಂಬ ದುರಾಶೆಯ ತೂಗುಯ್ಯಾಲೆಯಲ್ಲಿ ಆಟಗಾರನನ್ನು ಕೂರಿಸುವ ಈ ನಿಯಮಕ್ಕೆ ನಕ್ಕವರೂ ಬೈದವರೂ ಇದ್ದಾರೆ, ಮರೆತವರು ಇಲ್ಲ.

ಅಂಕಿ ಮನುಷ್ಯನಾಗುವುದು

ಇಷ್ಟೆಲ್ಲ ಆದ ಮೇಲೆಯೂ ಹಾಳೆಯ ಮೇಲೆ ಇರುವುದು ಅಂಕಿಗಳು ಮಾತ್ರ. ಮೊದಲಿನ ಬಾಲಕಿ ಇನ್ನೂ ಆರು ಎಂಬ ಅಂಕಿಯನ್ನು ನೋಡುತ್ತಲೇ ಕುಳಿತಿದ್ದಾಳೆ.

ಬುದ್ಧಿ ಹದಿಮೂರು ಇರುವುದರಿಂದ ಮಾಂತ್ರಿಕಳಾಗಬಹುದು. ಅದು ಸುಲಭದ ನಿರ್ಧಾರ. ಒಳ್ಳೆಯ ಅಂಕಿಗಳು ಪಾತ್ರದ ಉದ್ಯೋಗವನ್ನು ಹೇಳುತ್ತವೆ. ಪಾತ್ರದ ಸ್ವಭಾವವನ್ನು ಹೇಳುವವು ಕೆಟ್ಟ ಅಂಕಿಗಳು. ಇಲ್ಲಿ ಕೆಟ್ಟವು ಎರಡು: ದೇಹದಾರ್ಢ್ಯ ಎಂಟು, ವರ್ಚಸ್ಸು ಆರು. ಕುರೂಪಿ, ರೋಗಿಷ್ಠೆ ಎಂದು ಬರೆದುಬಿಟ್ಟರೆ ಎರಡು ಮಾತಿನಲ್ಲಿ ಕೆಲಸ ಮುಗಿಯಿತು, ಪಾತ್ರವೂ ಮುಗಿಯಿತು. ಅನುಭವಿಗಳು ಹಾಗೆ ಮಾಡುವುದಿಲ್ಲ. ಎರಡು ಕುಂದುಗಳಿಗೂ ಒಂದೇ ಕಾರಣವಿರಬಹುದೇ ಎಂದು ಹುಡುಕುತ್ತಾರೆ.

ಬಾಲಕಿಗೆ ಹೊಳೆಯಿತು: ಬೆಂಕಿ. ಈಕೆಯ ಗುರುವಿನ ಗ್ರಂಥಭಂಡಾರ ಒಂದು ರಾತ್ರಿ ಉರಿದುಹೋಯಿತು. ಗುರು ಸತ್ತ, ಶಿಷ್ಯರು ಸತ್ತರು. ಈಕೆ ಒಬ್ಬಳೇ ಹೊಗೆಯೊಳಗಿಂದ ತೆವಳಿಕೊಂಡು ಹೊರಬಂದಳು. ಅಂದಿನಿಂದ ಎದೆ ನಿತ್ರಾಣವಾಗಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಊರಿನವರೋ, ಎಲ್ಲರೂ ಸತ್ತು ಈಕೆ ಮಾತ್ರ ಉಳಿದದ್ದು ಹೇಗೆಂದು ಪಿಸುಗುಟ್ಟುತ್ತಾರೆ. ಎದುರಾದರೆ ದಾರಿ ಬಿಟ್ಟು ಸರಿಯುತ್ತಾರೆ. ವರ್ಚಸ್ಸು ಆರಕ್ಕೆ ಮುಖದ ಅಂದಚಂದ ಕಾರಣವಲ್ಲ. ಊರಿನ ಬಾಯಿ ಕಾರಣ. ಒಂಬತ್ತರ ಬಲಕ್ಕೆ ಹೊತ್ತುಕೊಳ್ಳಲಾದದ್ದು ಆ ಭಂಡಾರದಿಂದ ಉಳಿಸಿದ ಒಂದೇ ಒಂದು ಪುಸ್ತಕ. ದಿನಕ್ಕೆ ಒಂದೇ ಮಂತ್ರ ಹೇಳಬಲ್ಲೆನೆಂಬ ನಿಯಮಕ್ಕೂ ಹೀಗೆ ಒಂದು ಅರ್ಥ ಬಂತು.

ಬೆಂಕಿ ಇಟ್ಟವರು ಯಾರು? ಯಜಮಾನ ಕೇಳಿದಾಗ ಬಾಲಕಿ, ಅದು ಅವಳಿಗೂ ಗೊತ್ತಿಲ್ಲ ಎನ್ನುತ್ತಾಳೆ. ಯಜಮಾನ ತನ್ನ ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಳ್ಳುತ್ತಾನೆ. ಆರು ತಿಂಗಳ ಮೇಲೆ, ಯಾವುದೋ ದೂರದ ಪಟ್ಟಣದಲ್ಲಿ, ಸುಟ್ಟ ಕೈಯ ಮನುಷ್ಯನೊಬ್ಬ ಎದುರಾದರೆ ಆಶ್ಚರ್ಯಪಡಬೇಕಾಗಿಲ್ಲ.

ಗಂಟನ್ನು ಹೀಗೆ ಬಿಚ್ಚದೆ ಬಿಡುವುದು ಪಾತ್ರ ಸೃಷ್ಟಿಯ ಒಂದು ಮುಖ್ಯ ಮರ್ಮ. ಹೊಸಬರಲ್ಲಿ ಕೆಲವರು ಇಪ್ಪತ್ತು ಪುಟದ ಚರಿತ್ರೆಯನ್ನು ಬರೆದುಕೊಂಡು ಬರುತ್ತಾರೆ. ನಾಯಕ ಆಗಲೇ ರಾಜ್ಯಗಳನ್ನು ಗೆದ್ದಿದ್ದಾನೆ, ರಾಕ್ಷಸರನ್ನು ಕೊಂದಿದ್ದಾನೆ, ಸೇಡನ್ನೂ ತೀರಿಸಿಕೊಂಡಿದ್ದಾನೆ. ಯಜಮಾನ ನಿಟ್ಟುಸಿರು ಬಿಡುತ್ತಾನೆ. ಎಲ್ಲವನ್ನೂ ಮಾಡಿ ಮುಗಿಸಿದವನಿಗೆ ಮೇಜಿನ ಮೇಲೆ ಇನ್ನೇನು ಕೆಲಸ? ಇನ್ನು ಕೆಲವರ ನಾಯಕನಿಗೆ ತಂದೆಯಿಲ್ಲ, ತಾಯಿಯಿಲ್ಲ, ಊರಿಲ್ಲ, ಗೆಳೆಯರಿಲ್ಲ. ಕಪ್ಪು ಮುಸುಕು ಹಾಕಿಕೊಂಡು ಹೆಂಡದಂಗಡಿಯ ಮೂಲೆಯಲ್ಲಿ ಯಾರೊಡನೆಯೂ ಮಾತನಾಡದೆ ಕುಳಿತಿರುತ್ತಾನೆ. ಕಾದಂಬರಿಯಲ್ಲಿ ಇಂಥವನು ಚೆನ್ನ. ನಾಲ್ಕು ಜನ ಕೂಡಿ ಆಡುವ ಆಟದಲ್ಲಿ ಇವನನ್ನು ಮೂಲೆಯಿಂದ ಎಬ್ಬಿಸುವುದರಲ್ಲಿಯೇ ಒಂದು ಸಂಜೆ ಕಳೆಯುತ್ತದೆ. ಆದ್ದರಿಂದ ಅನುಭವಿ ಯಜಮಾನರು ಆಟಕ್ಕೆ ಮೊದಲು ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಪಾತ್ರಗಳನ್ನು ಒಟ್ಟಿಗೆ ಮಾಡಿಸುತ್ತಾರೆ. ಈ ಮೂವರ ಜೊತೆಯಲ್ಲಿ ನೀನು ಏಕೆ ಹೊರಟೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಪಾತ್ರ ಎಷ್ಟು ಸೊಗಸಾಗಿದ್ದರೂ ಒಳಕ್ಕೆ ಬರುವಂತಿಲ್ಲ. ಯೋಧನಿಗೆ ಈಕೆ ಹಿಂದೊಮ್ಮೆ ಗಾಯ ಕಟ್ಟಿದ್ದಳು. ಕಳ್ಳ ಈಕೆಯ ಪುಸ್ತಕವನ್ನು ಕದಿಯಲು ಹೋಗಿ ಸಿಕ್ಕಿಬಿದ್ದಿದ್ದ. ಅಷ್ಟಾದರೆ ಸಾಕು.

2014ರ ಪುಸ್ತಕ ಇದನ್ನೇ ವಿಧಾನವಾಗಿ ಕಲಿಸಿತು. ಪ್ರತಿ ಪಾತ್ರಕ್ಕೂ ಒಂದು ನಡವಳಿಕೆ, ಒಂದು ಆದರ್ಶ, ಒಂದು ನಂಟು, ಒಂದು ದೌರ್ಬಲ್ಯ ಇರಬೇಕೆಂದು ಹಾಳೆಯ ಮೇಲೆಯೇ ಜಾಗ ಬಿಟ್ಟಿತು. ದೌರ್ಬಲ್ಯದಿಂದ ಕಷ್ಟಕ್ಕೆ ಸಿಲುಕಿದವರಿಗೆ ಯಜಮಾನ ಬಹುಮಾನವನ್ನೂ ಕೊಡಬಹುದಾಗಿತ್ತು. 2024ರ ಪರಿಷ್ಕರಣದಲ್ಲಿ ಈ ಪಟ್ಟಿಗಳು ಹೋದವು. ಅಷ್ಟು ಹೊತ್ತಿಗೆ ಆಟಗಾರರಿಗೆ ಅಭ್ಯಾಸ ಆಗಿತ್ತೆನ್ನಬಹುದು. ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿ 2016ರಲ್ಲಿ ಬಂದ ಮೇಲಂತೂ, ಅದರಲ್ಲಿನ ಹುಡುಗರು ಮೇಜಿನ ಸುತ್ತ ಕುಳಿತು ಕೂಗಾಡುವುದನ್ನು ಕಂಡು, ದಾಳವನ್ನೇ ಮುಟ್ಟಿರದ ಮನೆಗಳಲ್ಲಿಯೂ ಇದೇನೆಂದು ವಿಚಾರಿಸುವವರು ಹೆಚ್ಚಿದರು.

ತಾಯಿತಂದೆಗಳ ಅಂಜಿಕೆ

ವಿಚಾರಿಸಿದವರೆಲ್ಲ ಯಾವಾಗಲೂ ಸಂತೋಷದಿಂದ ವಿಚಾರಿಸಿದ್ದಲ್ಲ. ಬೇರೊಬ್ಬನಾಗಿ ಗಂಟೆಗಟ್ಟಲೆ ಮಾತನಾಡುವ ಮಗ ಮರಳಿ ತನ್ನವನಾಗಿ ಊಟಕ್ಕೆ ಬರುವನೇ ಎಂಬ ಭಯ ಅಮೆರಿಕದ ಮನೆಗಳನ್ನು ಒಂದು ಕಾಲದಲ್ಲಿ ಆವರಿಸಿತ್ತು. 1979ರ ಆಗಸ್ಟಿನಲ್ಲಿ ಮಿಷಿಗನ್ ಸಂಸ್ಥಾನದ ವಿಶ್ವವಿದ್ಯಾನಿಲಯವೊಂದರ ಹದಿನಾರು ವರ್ಷದ ವಿದ್ಯಾರ್ಥಿ ಕಾಣೆಯಾದ. ಆತ ಈ ಆಟವನ್ನು ಆಡುತ್ತಿದ್ದನೆಂದು ತಿಳಿದೊಡನೆ, ವಿದ್ಯಾಲಯದ ಕೆಳಗಿನ ಉಗಿಕೊಳವೆಗಳ ಸುರಂಗದಲ್ಲಿ ಪಾತ್ರವಾಗಿಯೇ ಅಲೆಯುತ್ತ ಕಳೆದುಹೋಗಿದ್ದಾನೆಂದು ಪತ್ರಿಕೆಗಳು ಬರೆದವು. ಹುಡುಗ ಸುಮಾರು ಒಂದು ತಿಂಗಳ ಮೇಲೆ ಬೇರೆ ಕಡೆ ಸಿಕ್ಕಿದ. ಅವನ ದುಃಖದ ಕಾರಣಗಳು ಬೇರೆಯೇ ಇದ್ದವು. ಆಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಊಹೆ ನಿಜಕ್ಕಿಂತ ವೇಗವಾಗಿ ಓಡಿತು. ಅದನ್ನು ನೆನಪಿಸುವ ಒಂದು ಕಾದಂಬರಿಯೂ, ತರುಣ ಟಾಮ್ ಹ್ಯಾಂಕ್ಸ್ ನಟಿಸಿದ ಒಂದು ದೂರದರ್ಶನ ಚಿತ್ರವೂ 1982ರ ಹೊತ್ತಿಗೆ ಬಂದವು. ಎಂಬತ್ತರ ದಶಕದುದ್ದಕ್ಕೂ ಚರ್ಚುಗಳಲ್ಲಿ, ಶಾಲೆಗಳಲ್ಲಿ ಈ ಆಟವನ್ನು ಪೈಶಾಚಿಕವೆಂದು ಖಂಡಿಸಲಾಯಿತು.

ಮೇಜಿನ ಬಳಿ ಒಂದು ಸಂಜೆ ಕುಳಿತಿದ್ದರೆ ಆ ತಾಯಿತಂದೆಗಳಿಗೆ ಬೇರೆಯದೇ ಒಂದು ಸಂಗತಿ ಕಾಣುತ್ತಿತ್ತೇನೋ. ಮನೆಯಲ್ಲಿ ಬಾಯಿಬಿಡದ ಹುಡುಗ ಅಲ್ಲಿ ಸೇನಾಪತಿಯ ಮುಂದೆ ವಾದಿಸುತ್ತಾನೆ. ಗದ್ದಲದ ಹುಡುಗಿ ಮೌನವ್ರತದ ಪುರೋಹಿತಳಾಗಿ ಎರಡು ಗಂಟೆ ಸುಮ್ಮನಿರುತ್ತಾಳೆ. ಪಾತ್ರದಲ್ಲಿ ಕಳೆದುಹೋಗುವವರಿಗಿಂತ ಪಾತ್ರದ ಮರೆಯಲ್ಲಿ ತಮ್ಮನ್ನೇ ಸ್ವಲ್ಪ ಹೊರಗೆ ತರುವವರು ಹೆಚ್ಚು.

ಇದಕ್ಕೆ ಯಾರೂ ಊಹಿಸಿರದ ಒಂದು ಸ್ಥಳದಿಂದ ಸಾಕ್ಷ್ಯ ಬಂತು. ಅಮೆರಿಕದ ಟೆಕ್ಸಸ್ ಸಂಸ್ಥಾನದಲ್ಲಿ ಮರಣದಂಡನೆಗೆ ಗುರಿಯಾದ ಗಂಡಸರನ್ನು ಇಡುವ ಸೆರೆಮನೆಯಲ್ಲಿ ಖೈದಿಗಳು ಈ ಆಟವನ್ನು ಆಡುತ್ತಿದ್ದ ವೃತ್ತಾಂತ 2023ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅಲ್ಲಿ ಒಬ್ಬೊಬ್ಬನಿಗೆ ಒಂದೊಂದು ಕೋಣೆ. ದಿನದ ಬಹುಪಾಲು ಅದರೊಳಗೇ ಏಕಾಂತವಾಸ. ಮೇಜೂ ಇಲ್ಲ, ಎದುರಿಗೆ ಗೆಳೆಯನ ಮುಖವೂ ಇಲ್ಲ. ಕೋಣೆಯಿಂದ ಕೋಣೆಗೆ ಕೂಗಿ ಹೇಳುತ್ತ ಕಥೆಯನ್ನು ನಡೆಸಬೇಕು. ದಾಳಗಳನ್ನು ಜೂಜಿನ ಸಾಮಗ್ರಿಯೆಂದು ನಿಷೇಧಿಸಲಾಗಿತ್ತು. ಆದ್ದರಿಂದ ಅವರು ಅಂಕಿಗಳ ಮೇಲೆ ತಿರುಗಿ ನಿಲ್ಲುವ ಮುಳ್ಳಿನ ಚಕ್ರಗಳನ್ನು ತಾವೇ ಮಾಡಿಕೊಂಡಿದ್ದರು. ನಿಯಮಗಳನ್ನೂ ನಕಾಶೆಗಳನ್ನೂ ಪಾತ್ರಗಳ ಚರಿತ್ರೆಯನ್ನೂ ಹಾಳೆ ಹಾಳೆಗಳಲ್ಲಿ ಕೈಯಿಂದ ಬರೆದುಕೊಳ್ಳುತ್ತಿದ್ದರು.

ಅವರಲ್ಲಿ ಒಬ್ಬಾತ ಹದಿನೆಂಟನೆಯ ವಯಸ್ಸಿನಲ್ಲಿ, ದರೋಡೆಗೆಂದು ಹೋದ ಮನೆಯಲ್ಲಿ ಕೊಲೆ ಮಾಡಿ ಸೆರೆ ಸೇರಿದ್ದವನು. ಹೊರಗಿನ ಲೋಕದಲ್ಲಿ ದೊಡ್ಡವನಾಗಿ ಒಂದು ದಿನವೂ ಬಾಳಿದವನಲ್ಲ. ಅವನಿಗೆ ಅತ್ಯಂತ ಪ್ರಿಯವಾಗಿದ್ದ ಪಾತ್ರ ಒಬ್ಬ ಮಾಂತ್ರಿಕ. ಆ ಮಾಂತ್ರಿಕ ಎಳೆಯ ಪ್ರಾಯದಲ್ಲಿಯೇ ಅಸಾಧಾರಣ ಪ್ರತಿಭೆಯನ್ನು ತೋರಿ, ಮಂತ್ರವಿದ್ಯೆಯ ಒಂದು ದೊಡ್ಡ ವಿದ್ಯಾಲಯಕ್ಕೆ ಆಯ್ಕೆಯಾಗಿ ಹೋಗುತ್ತಾನೆ. ಅಲ್ಲಿ ಕಲಿತದ್ದನ್ನೆಲ್ಲ ಖಂಡವನ್ನೇ ಹರಿದುಹಾಕಿದ ದೀರ್ಘಯುದ್ಧವೊಂದನ್ನು ನಿಲ್ಲಿಸುವ ಮಂತ್ರಗಳನ್ನು ಹುಡುಕಲು ಬಳಸುತ್ತಾನೆ. ಈ ಜನ್ಮವೃತ್ತಾಂತದಲ್ಲಿ ದಾಳ ಬರೆದದ್ದು ಏನೂ ಇರಲಿಲ್ಲ. ಎಲ್ಲವನ್ನೂ ಆತನೇ ಕುಳಿತು ಬರೆದಿದ್ದ.

2020ರ ಜುಲೈ 8ರಂದು ಆತನಿಗೆ ಮರಣದಂಡನೆಯಾಯಿತು. ಪಕ್ಕದ ಕೋಣೆಗಳಿಂದ ಆತನೊಡನೆ ಆಡುತ್ತಿದ್ದವರಿಗೆ ಆ ಮಾಂತ್ರಿಕನ ಹೆಸರು ನೆನಪಿತ್ತು. ವರದಿಗಾರರಿಗೆ ಅದನ್ನು ತಿಳಿಸಿದರು.